ಏಳನೇ ನಂಬರಿನ ಚೀಟಿ

ಮೊದಲು ಪರೀಕ್ಷೆ, ಆಮೇಲೆ ಎಣ್ಣೆ. ಕ್ಲಾರಿಯೋನೆಟ್ ಪಾಸು ಮಾಡುವವನು ಎಂದೂ ತಪ್ಪಿಸಬಾರದ ಕ್ರಮ ಇದು. ನಾನು ಒಮ್ಮೆ ಇದನ್ನು ತಿರುವುಮುರುವು ಮಾಡಿದೆ. ಮಾಡಿದ್ದು ತಿಳಿಯದೆ. ಆಮೇಲೆ ತಿಳಿಯಿತು, ತಿಳಿದ ಮೇಲೂ ಬಾಯಿ ಬಿಡಲಿಲ್ಲ. ಮೊದಲ ತಪ್ಪನ್ನು ಎಷ್ಟೋ ಮಂದಿಗೆ ನಗುತ್ತ ಹೇಳಿದ್ದೇನೆ. ಎರಡನೆಯದನ್ನು ಯಾರಿಗೂ ಹೇಳಿಲ್ಲ. ನನಗೀಗ ಎಂಬತ್ತು ದಾಟಿದೆ. ಕೈ ಪೂರ್ತಿ ನಡುಗುವ ಮುಂಚೆ ಎರಡನ್ನೂ ಬರೆದಿಡುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಮ್ಯಾಟ್ರಿಕ್ ಮುಗಿಸಿ ವಿಜಾಪುರದ ಬಜಾರದ ಒಂದು ವಾದ್ಯದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹಾರ್ಮೋನಿಯಂ ರಿಪೇರಿ ನನ್ನ ಹೊಟ್ಟೆಪಾಡು, ಕ್ಲಾರಿಯೋನೆಟ್ ನನ್ನ ಹುಚ್ಚು. ಅದನ್ನು ಕಲಿಸಿದವರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಬಂದಿದ್ದ ಉಸ್ತಾದರು. ದಮ್ಮಿನ ಬೇನೆ ಹತ್ತಿ ಅವರಿಗೆ ಊದಲು ಆಗುತ್ತಿರಲಿಲ್ಲ. ನಾನು ಊದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುತ್ತಿದ್ದರು. ಅಂಗಡಿಗೆ ಬಂದ ಪ್ರತಿ ಕ್ಲಾರಿಯೋನೆಟ್ಟೂ ಅವರ ಕಿವಿ ದಾಟಿಯೇ ಗಿರಾಕಿಯ ಕೈಗೆ ಹೋಗಬೇಕು ಎಂಬುದು ರೂಢಿಯಾಗಿತ್ತು.

ಆಗ ವಿಲಾಯತಿ ಮಾಲು ಸಿಗುವುದು ದುರ್ಲಭ. ಮಿಲಿಟರಿಯಿಂದ ಹೊರಬಿದ್ದ ಹಳೆಯ ಕ್ಲಾರಿಯೋನೆಟ್ಟುಗಳಿಗೆ ದೊಡ್ಡ ಬ್ಯಾಂಡಿನವರೇ ಮುಗಿಬೀಳುತ್ತಿದ್ದರು. ಬಡ ಬ್ಯಾಂಡಿನವರಿಗೆ ಉಳಿದದ್ದು ಉತ್ತರದ ಕಡೆ ತಯಾರಾಗುವ ಅಗ್ಗದ ದೇಶಿ ಮಾಲು. ಅದರಲ್ಲಿ ಹತ್ತಕ್ಕೆ ಮೂರೋ ನಾಲ್ಕೋ ಚೆನ್ನಾಗಿರುತ್ತಿದ್ದವು. ಆ ಮೂರು ನಾಲ್ಕನ್ನು ಆರಿಸಿ ತೆಗೆಯುವುದೇ ವಿದ್ಯೆ.

ಆ ಚೈತ್ರದಲ್ಲಿ ಅಂಗಡಿಗೆ ತಿಕೋಟಾದಿಂದ ನಾಲ್ವರು ಬಂದರು. ಮುಂದಿದ್ದವರಿಗೆ ನಲವತ್ತೈದು ದಾಟಿತ್ತು. ಅಗಲ ಎದೆ, ಗಟ್ಟಿ ಮಣಿಕಟ್ಟು. ಅವರ ಕೇರಿಯವರು ಕೆಲವು ವರ್ಷದ ಹಿಂದೆ ಬೌದ್ಧರಾಗಿದ್ದರು. ತಲೆತಲಾಂತರದಿಂದ ಊರಿನ ಮದುವೆ, ಮಸಣ ಎಲ್ಲಕ್ಕೂ ಕರೆದಾಗ ಓಡಿಹೋಗಿ ತೊಗಲಿನ ಹಲಗೆ ಬಾರಿಸುವುದು ಅವರ ಪಾಲಿಗೆ ಕಟ್ಟಿಟ್ಟ ಚಾಕರಿಯಾಗಿತ್ತು. ಅದನ್ನು ಬಿಟ್ಟು, ಹಲಗೆಗಳನ್ನು ಕೇರಿಯ ನಡುವೆ ಸುಟ್ಟು, ವಾದ್ಯಕ್ಕೆಂದು ಇನ್ನು ತೊಗಲು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದರು. ಈಗ ಸ್ವಂತ ಬ್ಯಾಂಡ್ ಕಂಪನಿ ಕಟ್ಟಿದ್ದರು. ಉಸ್ತಾದರ ಹತ್ತಿರವೇ ಒಂದು ವರ್ಷ, ಒಂದೇ ಒಂದು ಹಳೆಯ ಕ್ಲಾರಿಯೋನೆಟ್ಟಿನ ಮೇಲೆ ನಾಲ್ವರೂ ಸರದಿಯಲ್ಲಿ ಕಲಿತಿದ್ದರು.

"ಬಬಲೇಶ್ವರದಾಗ ಮೊದಲನೇ ಮದುವಿ ಸುಪಾರಿ ಹಿಡದೀವ್ರಿ," ಎಂದರು ಮಾಸ್ತರು. ಬ್ಯಾಂಡಿನ ಮುಖ್ಯಸ್ಥರಾದ್ದರಿಂದ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. "ಅದರ ಮುಂದ ಎಂಟು ದಿನಕ್ಕ ನಿಡೋಣಿದು. ನಾಲ್ಕು ಕ್ಲಾರ್ನೆಟ್ ಬೇಕ್ರಿ. ಅಗ್ಗದ್ದಾದ್ರೂ ನಡೀತೈತಿ, ಕೈ ಕೊಡಬಾರ್ದು ನೋಡ್ರಿ."

"ಕೈ ಕೊಟ್ರ?" ಎಂದೆ ನಾನು, ತಮಾಷೆಗೆ.

"ಕೊಟ್ರ ಊರಾಗಿನ ಮಂದಿ ಕಾಯ್ಕೊಂಡ ಕುಂತಾರ. ಸುಟ್ಟ ಹಲಗಿ ಮತ್ತ ಮಾಡ್ಕೋರಿ ಅಂತಾರ."

ಅವರು ನಗಲಿಲ್ಲ. ನನ್ನ ನಗುವೂ ನಿಂತಿತು.

ಮಾಲು ಬಂದದ್ದು ಮುಂದಿನ ಸೋಮವಾರ. ಉಸ್ತಾದರು ಸೊಲ್ಲಾಪುರದ ಮಗಳ ಮನೆಗೆ ಹೋಗಿದ್ದರು. ಬರುವುದು ಹದಿನೈದು ದಿನದ ಮೇಲೆ. ಅಂಗಡಿಯ ಸಾಹುಕಾರರು ನನ್ನನ್ನು ಕರೆದು, "ಈ ಸಲ ಪರೀಕ್ಷಾ ನಿಂದs. ಪಾಸ್ ಆದವಕ್ಕ ಚೀಟಿ ಬರದು ಸಹಿ ಮಾಡಿ ಪೆಟ್ಟಿಗ್ಯಾಗ ಇಡು. ಶನಿವಾರ ತಿಕೋಟಾದವರು ಬರ್ತಾರ," ಎಂದರು. ನನ್ನ ಸಹಿ! ಇಪ್ಪತ್ತಮೂರು ವರ್ಷದ ನನಗೆ ಆ ಮಾತಿನಿಂದ ಎದೆ ಎಷ್ಟು ಉಬ್ಬಿತೆಂದರೆ, ಮಾಲಿನ ಪೆಟ್ಟಿಗೆಯ ಮೊಳೆ ಕೀಳುವಾಗ ಹೆಬ್ಬೆರಳು ತರಚಿದ್ದೂ ಗೊತ್ತಾಗಲಿಲ್ಲ.

ಹುಲ್ಲಿನೊಳಗೆ ಹನ್ನೆರಡು ಕ್ಲಾರಿಯೋನೆಟ್. ಒಂದೊಂದೂ ಐದು ತುಂಡು, ಒಂದೊಂದಕ್ಕೆ ಬೆರಳಿನಿಂದ ಒತ್ತುವ ಹದಿಮೂರು ಚಾವಿ. ಹೊಸ ಬೀಟೆ ಮರದ ವಾಸನೆ, ಪಾಲಿಶಿನ ವಾಸನೆ. ಒಂದರಿಂದ ಹನ್ನೆರಡರವರೆಗೆ ನಂಬರು ಹಚ್ಚಿ ಸಾಲಾಗಿ ಇಟ್ಟೆ. ಪ್ರತಿ ತುಂಡನ್ನೂ ಬಾಗಿಲ ಬೆಳಕಿಗೆ ಹಿಡಿದು ಕೊಳವೆಯೊಳಗೆ ನೋಡಿದೆ. ಮರದ ಎಳೆ ನೇರ ಇದೆಯೆ, ಗಂಟು ಇದೆಯೆ, ಕೊರೆದ ದಾರಿ ನುಣುಪಾಗಿದೆಯೆ ಎಂದು. ಮೂರು ಅಲ್ಲೇ ಫೇಲಾದವು. ಉಳಿದ ಒಂಬತ್ತರ ಮರ ದಾರಿಯ ಧಗೆಗೆ ಒಣಗಿ ಬಿಳಿಚಿಕೊಂಡಿತ್ತು. ಚಾವಿಗಳ ಕೆಳಗೆ ರಂಧ್ರ ಮುಚ್ಚುವ ಪುಟ್ಟ ಮೆತ್ತೆ ಇರುತ್ತದೆ, ಪ್ಯಾಡು ಎನ್ನುತ್ತೇವೆ. ಅವುಗಳ ತೊಗಲೂ ಹಪ್ಪಳದಂತೆ ಒಣಗಿತ್ತು.

ಇಲ್ಲಿ ನಾನು ಅವಸರ ಮಾಡಿದೆ. ಇಷ್ಟು ಒಣಗಿದ್ದನ್ನು ಊದಿದರೆ ಮರ ಸೀಳೀತು ಎಂದು ಹೆದರಿ, ಮೊದಲು ಎಣ್ಣೆ ಹಾಕಿಯೇ ಬಿಡೋಣ ಎಂದುಕೊಂಡೆ. ಉಸ್ತಾದರು ಬಳಸುತ್ತಿದ್ದುದು ಬಾದಾಮಿ ಎಣ್ಣೆ, ಅದೂ ಎಲ್ಲ ಪರೀಕ್ಷೆ ಮುಗಿದ ಮೇಲೆ ನಾಲ್ಕು ಹನಿ. ಸಾಹುಕಾರರನ್ನು ಕೇಳಿದೆ.

"ಬಾದಾಮಿ ಎಣ್ಣಿ? ಕ್ಲಾರ್ನೆಟ್ಟಿಗೇನು ಅರಿಷಿಣ ಹಚ್ಚಿ ಮದುವಿ ಮಾಡಾಕತ್ತೀಯೇನಲೇ?" ಎಂದರು. "ಮನ್ಯಾಗ ಕುಸುಬಿ ಎಣ್ಣಿ ಇಲ್ಲೇನು?"

ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿ ಕುಸುಬಿ ಎಣ್ಣೆ ಇಲ್ಲ! ಒಗ್ಗರಣೆಗೂ ಅದೇ, ತಲೆಗೂ ಅದೇ, ಬಾಗಿಲ ತಿರುಗಣೆಗೂ ಅದೇ. ಗಾಣದಿಂದ ತಂದಿದ್ದ ಹೊಸ ಎಣ್ಣೆಯನ್ನು ಮನೆಯಿಂದ ಒಯ್ದು, ಕೋಳಿಗರಿಯಲ್ಲಿ ಅದ್ದಿ ಒಂಬತ್ತು ಕೊಳವೆಗಳಿಗೂ ಧಾರಾಳವಾಗಿ ಸವರಿದೆ. ಪ್ಯಾಡಿಗೂ ಮುಟ್ಟಿಸಿದೆ. ಕುಸುಬಿ ಎಣ್ಣೆಯ ಗುಣವನ್ನು ನಮ್ಮ ಮಟ್ಟಿಬಾವಿಯ ರೈತರನ್ನು ಕೇಳಿದ್ದರೂ ಹೇಳುತ್ತಿದ್ದರು. ಅವರು ಅದನ್ನೇ ಕುದಿಸಿ ಬಾವಿಯ ನೀರೆತ್ತುವ ತೊಗಲ ಬಾನಿಗೆ ಬಳಿಯುತ್ತಿದ್ದರು, ಗಾಳಿ ಬಿಸಿಲು ತಾಗಿದಂತೆ ಅದು ಮೊದಲು ಅಂಟಾಗಿ ಆಮೇಲೆ ಗಟ್ಟಿ ಪದರವಾಗುತ್ತದೆ ಎಂದು. ನಾನು ಕೇಳಲಿಲ್ಲ.

ಮರುದಿನ ಪರೀಕ್ಷೆ. ಅಬ್ಬಾ, ಆ ದಿನದ ಸಂಭ್ರಮ! ಮೇಲಿನ ತುಂಡಿನ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ, ಕೆಳಬಾಯಿಗೆ ಅಂಗೈ ಒತ್ತಿ, ಮೇಲಿನಿಂದ ಗಾಳಿ ಹೀರಬೇಕು. ತುಟಿ ತೆಗೆದಾಗ 'ಪೊಕ್' ಎಂದರೆ ಎಲ್ಲಿಯೂ ಸೋರುವುದಿಲ್ಲ ಎಂದರ್ಥ. ಅಗ್ಗದ ಮಾಲು ಈ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಬೀಳುತ್ತದೆ. ಆದರೆ ಪೊಕ್, ಪೊಕ್, ಪೊಕ್, ಒಂಬತ್ತಕ್ಕೆ ಒಂಬತ್ತೂ! ಗಾಳಿಪಟದ ತೆಳು ಕಾಗದವನ್ನು ಪ್ಯಾಡಿನ ಕೆಳಗಿಟ್ಟು ಎಳೆದೆ. ಎಲ್ಲ ಕಡೆ ಬಿಗಿಯಾಗಿ ಹಿಡಿದುಕೊಂಡಿತು. ಸಂತೋಷದಲ್ಲಿ ಪಕ್ಕದ ಬಳೆ ಅಂಗಡಿಯವರನ್ನೂ ಕರೆದು ತೋರಿಸಿದೆ. ಹಸಿ ಎಣ್ಣೆ ಒಳಗೆ ಕೂತು ಎಲ್ಲ ಬಿರುಕುಗಳನ್ನು ಮುಚ್ಚಿಟ್ಟಿದೆ, ನಾನು ಪರೀಕ್ಷಿಸುತ್ತಿರುವುದು ಎಣ್ಣೆಯನ್ನು ಎಂದು ಹೊಳೆಯಲೇ ಇಲ್ಲ.

ಆಮೇಲೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಸ್ವರ ಹೊಂದಿಸಿ ಊದಿದೆ. ಕೊಳಲನ್ನು ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಗೆ ಹೋಗುತ್ತದೆ. ಕ್ಲಾರಿಯೋನೆಟ್ಟಿನ ಹಿಂಬದಿಯ ಚಾವಿ ಒತ್ತಿದರೆ ಷಡ್ಜ ಹಾರಿ ಮೇಲಿನ ಪಂಚಮಕ್ಕೆ ಹೋಗಿ ನಿಲ್ಲುತ್ತದೆ. ಆ ಜಿಗಿತ ಎಲ್ಲಿ ಒಡೆಯುತ್ತದೆ, ಎಲ್ಲಿ ಬೆಸುಗೆಯಾಗುತ್ತದೆ ಎಂಬುದರಲ್ಲೇ ವಾದ್ಯದ ಜಾತಕ ಇರುತ್ತದೆ. ಏಳನೇ ನಂಬರಿನ ಜಿಗಿತ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗಿತ್ತು. ಕೆಳಸ್ವರಗಳು ಮಣ್ಣಿನ ಗಡಿಗೆಯೊಳಗಿಂದ ಬಂದಂತೆ ತುಂಬಿಕೊಂಡು ಬಂದವು. ಅಗ್ಗದ ದೇಶಿ ಮಾಲಿನಲ್ಲಿ ಇಂಥದ್ದು! ಎರಡು, ಐದು, ಏಳು, ಹನ್ನೊಂದು ಎಂದು ನಾಲ್ಕನ್ನು ಆರಿಸಿದೆ. ಏಳು ಮಾಸ್ತರರಿಗೆ ಎಂದು ಮನಸ್ಸಿನಲ್ಲೇ ಗೊತ್ತುಮಾಡಿದೆ.

ಉಸ್ತಾದರ ಕೊನೆಯ ಪರೀಕ್ಷೆ ಬಿಸಿಲಿನದು. "ಬೇಟಾ, ನೆಳ್ಳಾಗ ಎಲ್ಲಾ ಕ್ಲಾರ್ನೆಟ್ಟೂ ಶಾಣ್ಯಾನs ಇರ್ತಾವ. ಮೂರು ಬಿಸಲು ತೋರ್ಸು, ಆಮ್ಯಾಲೆ ಹೇಳು," ಎನ್ನುತ್ತಿದ್ದರು. ಮೂರು ದಿನ, ಮಧ್ಯಾಹ್ನ ಒಂದೊಂದು ತಾಸು ಬಿಸಿಲಲ್ಲಿ ನಿಂತು ಊದಬೇಕು. ಗುರುವಾರ ಮೊದಲ ಬಿಸಿಲು. ನಾಲ್ಕೂ ಗೆದ್ದವು. ಅಂಗಡಿಯ ಮುಂದೆ ಜನ ನಿಂತು ಕೇಳಿದರು. ಸಾಹುಕಾರರು, "ನಮ್ಮ ಟೆಸ್ಟರ್ ಸಾಹೇಬ್ರು!" ಎಂದು ಗಿರಾಕಿಗಳಿಗೆ ಪರಿಚಯಿಸಿದರು. ಅಂದೇ ಸಂಜೆ ನಾಲ್ಕು ಚೀಟಿ ಬರೆದೆ. 'ಪರೀಕ್ಷಿಸಿ ಪಾಸು ಮಾಡಲಾಗಿದೆ.' ಕೆಳಗೆ ಬಾಲ ಎಳೆದ ಸಹಿ. ಇನ್ನೂ ಎರಡು ಬಿಸಿಲು ಬಾಕಿ ಇದ್ದವು.

ಶುಕ್ರವಾರ ಎರಡನೇ ಬಿಸಿಲು. ಅರ್ಧ ತಾಸಿಗೆ ಏಳನೇ ನಂಬರಿನ ಕೆಳಗಿನ ದೊಡ್ಡ ಚಾವಿಯನ್ನು ಒತ್ತಿ ಬೆರಳೆತ್ತಿದೆ. ಚಾವಿ ಮೇಲೇಳಲಿಲ್ಲ. ಅಂಟಿಕೊಂಡು ಕೂತಿತ್ತು. ಉಗುರಿನಿಂದ ಎಬ್ಬಿಸಿದಾಗ 'ಚಟ್' ಎಂದಿತು. ಪ್ಯಾಡನ್ನು ಮುಟ್ಟಿದರೆ ಬೆರಳಿಗೆ ಬೆಲ್ಲದ ಪಾಕದಂಥ ಅಂಟು. ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಕುಸುಬಿ ಎಣ್ಣೆ ಕಟ್ಟುತ್ತಿದೆ. ಒಂದರಲ್ಲಿ ಆದದ್ದು ಒಂಬತ್ತರಲ್ಲೂ ಆಗುತ್ತದೆ.

ಚೀಟಿ ಹರಿದು ಹಾಕಬಹುದಿತ್ತು. ಸಾಹುಕಾರರಿಗೆ ಹೇಳಬಹುದಿತ್ತು, ಶನಿವಾರ ಬಂದವರಿಗೆ ಇಲ್ಲ ಎನ್ನಬಹುದಿತ್ತು. ಆದರೆ ಇಡೀ ಬಜಾರ ನಿನ್ನೆಯಷ್ಟೇ ನನ್ನನ್ನು ಟೆಸ್ಟರ್ ಸಾಹೇಬ ಎಂದಿತ್ತು. ಹಿಂದಿನ ಕೋಣೆಗೆ ಹೋದೆ. ಚಿಮಣಿ ಬುಡ್ಡಿಯಿಂದ ಸೀಮೆಎಣ್ಣೆಯನ್ನು ಬಟ್ಟೆಗೆ ಸುರಿದುಕೊಂಡು ಪ್ಯಾಡನ್ನೂ ರಂಧ್ರದ ಅಂಚನ್ನೂ ಒರೆಸಿದೆ. ಚಾವಿ ಹಗುರಾಗಿ ಕುಣಿಯಿತು. ಮೂರನೇ ಬಿಸಿಲು ತೋರಿಸಲೇ ಇಲ್ಲ.

ಶನಿವಾರ ಬಂದ ಮಾಸ್ತರು ಏಳನೇ ನಂಬರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತುಟಿಗಿಟ್ಟರು. ಒಂದು ಕ್ಷಣ ತಡೆದು ನನ್ನ ಕಡೆ ನೋಡಿದರು. ಆಮೇಲೆ ಊದಿದರು. ಅವರ ಜೊತೆಗಿದ್ದ ಹುಡುಗರ ಮುಖಗಳು ಹಿಗ್ಗಿದವು.

"ಪಾಸ್ ಏನ್ರಿ?" ಎಂದರು.

"ಫಸ್ಟ್ ಕ್ಲಾಸ್ ಪಾಸ್," ಎಂದೆ. "ಚೀಟಿ ನೋಡು ಮಾಸ್ತರ, ನನ್ನ ಸಹಿ ಐತಿ."

ನನ್ನ ಎರಡರಷ್ಟು ವಯಸ್ಸಿನವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ಅದು ನನ್ನ ಕಿವಿಗೆ ಕೇಳಿಸುತ್ತಲೂ ಇರಲಿಲ್ಲ.

ಮಂಗಳವಾರ ಬಬಲೇಶ್ವರದ ಮದುವೆ. ನಾನೂ ಬಸ್ಸಿಗೆ ಹೋದೆ. ಏನೂ ಆಗಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಹನ್ನೊಂದು ಗಂಟೆಗೆ ವರನ ಮೆರವಣಿಗೆ ಹೊರಟಿತು. ಕೆಂಪು ಕೋಟು, ಹಳದಿ ಪಟ್ಟಿ, ಕೇರಿಯ ಹೆಂಗಸರೇ ಹೊಲಿದದ್ದು. ಮೊದಲ ಹಾಡಿಗೆ ಮಾಳಿಗೆಗಳ ಮೇಲೆ ಜನ ತುಂಬಿದರು. ನಾಲ್ಕು ಕ್ಲಾರಿಯೋನೆಟ್ ಒಂದೇ ಉಸಿರಿನಂತೆ ಎದ್ದವು. ನನಗೆ ಕುಣಿಯಬೇಕೆನಿಸಿತು. ಎರಡನೇ ಹಾಡೂ ಆಯಿತು. ಮೂರನೆಯದರ ನಡುವೆ ಹನ್ನೊಂದನೇ ನಂಬರು ಕಿರುಚಿತು. ಆಮೇಲೆ ಎರಡನೇ ನಂಬರು. ಒಣಗಿ ಕಟ್ಟಿಗೆಯಾದ ಪ್ಯಾಡುಗಳಿಂದ ಗಾಳಿ ಸೋರತೊಡಗಿತ್ತು. ಮಾಸ್ತರರ ಕೆಳಗಿನ ಚಾವಿ ಅಂಟಿಕೊಂಡಿತು. ಊದುತ್ತಲೇ ಕಿರುಬೆರಳಿನಿಂದ ಅದನ್ನು ಎಬ್ಬಿಸಲು ಅವರು ಪಡುತ್ತಿದ್ದ ಪಾಡು ನನ್ನೊಬ್ಬನಿಗೆ ಕಾಣಿಸುತ್ತಿತ್ತು. ಸ್ವರ ಮುರಿಯಿತು. ಹಾಡು ನಿಂತಿತು.

"ಹಲಗಿ ಬಡಿಯೋ ಕೈಗೆ ಕ್ಲಾರ್ನೆಟ್ ಯಾಕ ಬೇಕಿತ್ತೋ?" ಎಂದು ಮಾಳಿಗೆಯಿಂದ ಯಾರೋ ಕೂಗಿದರು. ನಗೆ ಎದ್ದಿತು.

"ಕ್ಲಾರ್ನೆಟ್ಟಲ್ಲೋ, ಹಂದಿ ಮರಿ ಹಿಡದಾರ!" ಎಂದು ಇನ್ನೊಬ್ಬ.

ವರನ ಸೋದರಮಾವ ವ್ಯಾಪಾರಸ್ಥರು, ಸಭ್ಯರು. ಅವರು ಜನರನ್ನು ಗದರಿಸಿ, ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು. "ನೀವು ಅಂಗಡಿ ಟೆಸ್ಟರ್ ಅಲ್ರಿ? ಖರೇ ಹೇಳ್ರಿ, ಬಾಜಾ ಕೆಟ್ಟಾವೋ, ಇವರಿಗೆ ಊದಾಕ ಬರೂದಿಲ್ಲೋ?"

ಮಾಸ್ತರು ಎರಡು ಮಾರು ದೂರದಲ್ಲಿ ನಿಂತಿದ್ದರು. ಬೆವರು ಇಳಿಯುತ್ತಿತ್ತು. ನನ್ನ ಬಾಯನ್ನೇ ನೋಡುತ್ತಿದ್ದರು.

"ಬಾಜಾ ಚೊಲೋ ಅದಾವ್ರಿ," ಎಂದೆ ನಾನು. "ಪರೀಕ್ಷಾ ಮಾಡೇ ಕೊಟ್ಟೀನಿ."

ಸೋದರಮಾವ ತಲೆಯಾಡಿಸಿ ಒಳಗೆ ಹೋದರು. ಊರಿನ ಸನಾದಿಯವರಿಗೆ ಹೇಳಿ ಕಳಿಸಿದರು. ತಿಕೋಟಾದವರು ಕೋಟಿನ ಗುಂಡಿ ಬಿಚ್ಚಿ, ಪೆಟ್ಟಿಗೆ ಮುಚ್ಚಿ, ಯಾರಿಗೂ ಏನೂ ಅನ್ನದೆ ಬಸ್ಸಿನ ದಾರಿ ಹಿಡಿದರು. ನಾನು ಅದೇ ಬಸ್ಸಿಗೆ ಹೋಗಲಾರದೆ ಸಂಜೆಯತನಕ ಬಬಲೇಶ್ವರದಲ್ಲೇ ತಿರುಗಾಡಿದೆ.

ಮರುದಿನ ಅಂಗಡಿಯಲ್ಲಿ ಉಳಿದಿದ್ದ ಐದನ್ನು ಬಿಚ್ಚಿದೆ. ಐದರೊಳಗೂ ಕಂದು ಬಣ್ಣದ ಗಾಜಿನಂಥ ಪದರ. ಸಾಹುಕಾರರಿಗೆ ತೋರಿಸಿದೆ.

"ಪಾಸ್ ಅಂತ ಬರದಾವ ಯಾರು?"

"ನಾನರಿ."

"ಹಂಗಾದ್ರ ಬಾಯಿ ಮುಚ್ಕೊಂಡ ಇರು. ಕೊಟ್ಟದ್ದು ಕೊಟ್ಟಾತು. ಹೊಸಾ ಪ್ಯಾಡ್ ಬರಾಕ ಒಂದು ತಿಂಗಳು ಬೇಕು. ಅಷ್ಟರಾಗ ಮದುವಿ ಸುಗ್ಗೀನ ಮುಗೀತೈತಿ."

ನಿಡೋಣಿಯ ಮದುವೆಗೆ ಏಳು ದಿನ ಉಳಿದಿತ್ತು. ಅದೂ ಕೆಟ್ಟರೆ ಬ್ಯಾಂಡು ಮುಗಿದಂತೆಯೇ. ಸುಟ್ಟ ಹಲಗೆ ಎಂದಿದ್ದರಲ್ಲ ಮಾಸ್ತರು, ಆ ಮಾತು ಕಿವಿಯಲ್ಲಿ ಕೂತಿತ್ತು. ಮಧ್ಯಾಹ್ನದವರೆಗೆ ಕೂತು ನೋಡಿದೆ. ಆಮೇಲೆ ಚೀಲಕ್ಕೆ ಸ್ಪಿರಿಟ್ ದೀಪ, ಅರಗಿನ ಕಡ್ಡಿ, ತಿರುಪುಳಿ, ಹಾರ್ಮೋನಿಯಂಗೆ ಬಳಸುವ ದಪ್ಪ ಉಣ್ಣೆಯ ಬನಾತು ಬಟ್ಟೆ, ತೆಳು ತೊಗಲು ಎಲ್ಲ ತುಂಬಿಕೊಂಡು ಹೊರಬಿದ್ದೆ. "ಹೊಂಟ್ರ ತಿರಗಿ ಬರಬ್ಯಾಡ ಮತ್ತ!" ಎಂದು ಸಾಹುಕಾರರು ಹಿಂದಿನಿಂದ ಕೂಗಿದರು. ಉಸ್ತಾದರು ಬಂದ ಮೇಲೆ ಅವರೇ ಮಧ್ಯೆ ಬಿದ್ದು ನನ್ನನ್ನು ಮತ್ತೆ ಸೇರಿಸಿದರು. ಆದರೆ ಅಂದು ಬಸ್ಸು ಹತ್ತುವಾಗ ಕೆಲಸ ಹೋಯಿತೆಂದೇ ತಿಳಿದಿದ್ದೆ. ಆಶ್ಚರ್ಯವೆಂದರೆ ಭಯಕ್ಕಿಂತ ಹೆಚ್ಚಾಗಿ ಒಂದು ಹುರುಪು ಹೊಡೆದುಕೊಳ್ಳುತ್ತಿತ್ತು. ಐವತ್ತೆರಡು ಪ್ಯಾಡು, ಏಳು ದಿನ, ಆಗುತ್ತದೆ ಎಂದು ಲೆಕ್ಕ ಹಾಕುತ್ತ ಹೋದೆ.

ತಿಕೋಟಾದಲ್ಲಿ ಮಾಸ್ತರು ಮನೆಯ ಮುಂದಿನ ಬೇವಿನ ಕೆಳಗೆ ಕೂತಿದ್ದರು.

"ಬರ್ರಿ ಟೆಸ್ಟರ್ ಸಾಹೇಬ್ರ. ಈಗೇನು ನಮ್ಮ ಕೈ ಪರೀಕ್ಷಾ ಮಾಡಾಕ ಬಂದಿರೇನು?"

"ಕೈ ಅಲ್ಲ ಕಾಕಾ," ಎಂದೆ. ಆ ಶಬ್ದ ಹೇಗೆ ಬಂತೋ ಗೊತ್ತಿಲ್ಲ. "ಬಾಜಾ ಕೆಟ್ಟಾವ್ರಿ. ನಾನು ತಪ್ಪು ಎಣ್ಣಿ ಹಾಕೀನಿ. ನಿಮ್ಮ ಕೈಯಾಗಿನ ತಪ್ಪಲ್ಲ. ಸರಿ ಮಾಡಿ ಕೊಡ್ತೀನಿ."

"ಕೊಡೂ ಮುಂದ ಗೊತ್ತಿತ್ತೇನು?"

"ಇಲ್ರಿ," ಎಂದೆ. "ಗೊತ್ತಾಗ್ಲಿಲ್ಲ."

ಅವರು ನನ್ನ ಚೀಲ ನೋಡಿದರು. "ಆತು. ಕುಂದರ್ರಿ," ಎಂದು ಕಂಬಳಿ ಹಾಸಿದರು.

ಕೊಳವೆ ತೊಳೆಯುವುದೇ ಒಂದು ದಿನದ ಕೆಲಸವಾಯಿತು. ಕಟ್ಟಿದ ಪದರ ಬಟ್ಟೆಗೆ ಬರಲಿಲ್ಲ. ಬಿದಿರಿನ ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಗಂಟೆಗಟ್ಟಲೆ ತಿಕ್ಕಬೇಕಾಯಿತು.

"ಚಿಮಣಿ ಎಣ್ಣಿ ತರಲ್ಯಾ?" ಎಂದರು ಮಾಸ್ತರು.

ನನ್ನ ಕೈ ನಿಂತಿತು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. "ಬ್ಯಾಡ್ರಿ, ಸ್ಪಿರಿಟ್ ಐತಿ," ಎಂದೆ.

ಎರಡನೇ ದಿನ ಬನಾತಿನ ಬಿಲ್ಲೆಗಳನ್ನು ಕತ್ತರಿಸಿ, ಹಾರ್ಮೋನಿಯಂ ತೊಗಲು ಸುತ್ತಿ, ಅರಗು ಕಾಯಿಸಿ ಚಾವಿಗೆ ಕೂರಿಸಿದೆ. ಏಳನೇ ನಂಬರಿಗೆ ಹದಿಮೂರೂ ಮುಗಿಸಿ ಗಾಳಿ ಹೀರಿದೆ. ಪೊಕ್ ಎನ್ನಲಿಲ್ಲ, ಬುಸ್ ಎಂದಿತು. ತೊಗಲು ದಪ್ಪವಾಗಿತ್ತು, ಅಂಚಿನಲ್ಲಿ ಮಡಿಕೆ ಬಿದ್ದು ಸೋರುತ್ತಿತ್ತು. ತೆಳ್ಳಗೆ ಹೆರೆದರೆ ತೂತು ಬಿತ್ತು. ಒಂದು ದಿನ ಪೂರ್ತಿ ಹಾಳು. ಸಂಜೆ ತಲೆ ಹಿಡಿದು ಕೂತೆ.

ಮಾಸ್ತರು ಎಲ್ಲವನ್ನೂ ನೋಡುತ್ತಿದ್ದರು.

"ತಮ್ಮಾ, ತೊಗಲು ಆಗೂದಿಲ್ಲ. ಕುರಿ ದೊಡ್ಡ ಕರಳಿನ ಮ್ಯಾಲೆ ಒಂದು ಪರಿ ಇರ್ತೈತಿ, ಉಳ್ಳಾಗಡ್ಡಿ ಸಿಪ್ಪಿ ಹಂಗ. ಅದು ಒಣಗಿದ್ರ ಗಾಳಿ ಹಾಯಂಗಿಲ್ಲ, ನೀರೂ ಹಾಯಂಗಿಲ್ಲ. ನಮ್ಮಪ್ಪ ಸಣ್ಣ ಹಲಗಿಗೆ ತ್ಯಾಪಿ ಹಚ್ಚಾಕ ಅದನ್ನ ಬಳಸ್ತಿದ್ದ."

ನಾನು ಎದ್ದು ನಿಂತೆ. "ಮಾಡೋಣ್ರಿ ಕಾಕಾ!"

"ಮಾಡೋಣ ಅಲ್ಲ. ನಾ ಆಣಿ ಮಾಡೀನಿ. ಬಾಜಾಕ್ಕಂತ ತೊಗಲು, ಪರಿ ಏನೂ ಮುಟ್ಟಂಗಿಲ್ಲ. ಈ ಮನ್ಯಾಗ ಯಾರೂ ಮುಟ್ಟಂಗಿಲ್ಲ." ಕೈಗಳನ್ನು ಕಂಕುಳಲ್ಲಿ ಕಟ್ಟಿಕೊಂಡರು. "ನಾ ಹೇಳ್ತೀನಿ. ನೀ ಮುಟ್ಟು."

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಕರುಳು! ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಯೋಚಿಸಿದೆ. ಬೆಳಿಗ್ಗೆ ಕಟುಕರ ಅಂಗಡಿಗೆ ನಾನೇ ಹೋಗಿ ಬೋಗುಣಿ ತುಂಬ ತಂದೆ.

ಮಾಸ್ತರರ ಹೆಂಡತಿ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತು ನಕ್ಕರು. ಕೇರಿಯ ಅರ್ಧ ಹೆಂಗಸರು ನೋಡಲು ಬಂದಿದ್ದರು.

"ಅಕ್ಕಾರ, ಇದನ್ನ ತೊಳೆಯೂದು ಹ್ಯಾಂಗ್ರಿ?" ಎಂದೆ.

"ತಿನ್ನಾಕಾದ್ರ ನಾನs ತೊಳಕೊಡ್ತಿದ್ದೆ ನಮ್ಮಪ್ಪಾ. ಬಾಜಾಕ್ಕಂದ್ರ ನೀನs ತೊಳಿ."

ತೊಳೆದೆ. ಬೂದಿ ಹಾಕಿ, ಬಿಸಿನೀರು ಹಾಕಿ, ಮತ್ತೆ ತಣ್ಣೀರು ಹಾಕಿ. ಎರಡು ಸಲ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಬಂದೆ. "ಮಂತ್ರ ಹೇಳೋ ಬಾಯಿ ಹಂಗ ಕಕ್ತೈತಿ, ಅಂಜಬ್ಯಾಡ," ಎಂದು ಒಬ್ಬ ಮುದುಕಿ ಸಮಾಧಾನ ಹೇಳಿದಳು. ಮೊಂಡು ಚಾಕುವಿನಿಂದ ಪದರ ಬಿಡಿಸುವಾಗ ಹರಿಯಿತು, ಮತ್ತೊಂದೂ ಹರಿಯಿತು.

"ಹಂಗ ಹಿಡದ್ರ ಹರೀತೈತಿ ಲೇ! ಬಲಗೈ ಬಿಗಿ, ಎಡಗೈ ಸಡಲ. ಮಗಳ ಹೆರಳ ಬಿಚ್ಚಿದಂಗ ಬಿಚ್ಚು." ಮಾಸ್ತರರ ಕಟ್ಟಿದ ಕೈಗಳು ಕಂಕುಳಲ್ಲೇ ಚಡಪಡಿಸುತ್ತಿದ್ದವು. ಒಮ್ಮೆ ಹೊರಗೆ ಬಂದೇ ಬಿಟ್ಟವು. ಹೆಂಡತಿ "ಆಣಿ, ಆಣಿ!" ಎಂದು ಕೂಗಿದ ಕೂಡಲೇ ಒಳಗೆ ಹೋದವು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಐದನೆಯ ಪದರ ಹರಿಯದೆ ಇಡಿಯಾಗಿ ಬಂತು. ಬೆಳಕಿಗೆ ಹಿಡಿದರೆ ಆಚೆಯ ಬೇವಿನ ಎಲೆ ಕಾಣುತ್ತಿತ್ತು! ಅದನ್ನು ಹಿತ್ತಾಳೆ ಚಂಬಿನ ಬಾಯಿಗೆ ಬಿಗಿಯಾಗಿ ಎಳೆದು ಕಟ್ಟಿ ನೆರಳಲ್ಲಿ ಒಣಗಿಸಿದೆ. ತಾಸಿಗೊಮ್ಮೆ ಮಾಸ್ತರು, "ಬೆರಳಲೆ ಮೀಟು," ಎನ್ನುತ್ತಿದ್ದರು. ನಾನು ಮೀಟುತ್ತಿದ್ದೆ. ಅವರು ಕಿವಿಗೊಟ್ಟು, "ದುಬ್ ಅಂತೈತಿ, ಇನ್ನಾ ಹಸಿ," ಎನ್ನುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ 'ಟಣ್' ಎಂದಿತು. ಅವರ ಕಣ್ಣು ಅರಳಿತು. ಹಲಗೆ ಸುಟ್ಟವರ ಕಿವಿಯಲ್ಲಿ ಆ ವಿದ್ಯೆ ಹಾಗೇ ಉಳಿದಿತ್ತು. "ಈಗ ಕೊಯ್ಯಿ!" ಎಂದರು.

ಬನಾತಿನ ಬಿಲ್ಲೆಯ ಮೇಲೆ ಎರಡು ಪದರ ಸುತ್ತಿ, ಹಿಂದೆ ರಟ್ಟು ಕೊಟ್ಟು, ಅರಗಿನಲ್ಲಿ ಕೂರಿಸಿದೆ. ಗಾಳಿ ಹೀರಿ ತುಟಿ ತೆಗೆದೆ.

ಪೊಕ್!

ಎಣ್ಣೆಯ ಹನಿ ಇಲ್ಲದೆ ಬಂದ ಪೊಕ್. ನಾನು ಚಿಕ್ಕವನಂತೆ ಅಂಗಳದಲ್ಲಿ ಹಾರಿದೆ. ಮುಂದಿನ ಎರಡು ದಿನ ಹಗಲು ರಾತ್ರಿ ಪ್ಯಾಡು ಸುತ್ತಿದ್ದೇ ಸುತ್ತಿದ್ದು. ಊಟ ಅವರ ಮನೆಯಲ್ಲೇ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ನನಗಾಗಿ ಆ ಮನೆಯಲ್ಲಿ ಅಷ್ಟೂ ದಿನ ಬೇರೆ ಏನೂ ಬೇಯಲಿಲ್ಲ ಎಂದು ಆಮೇಲೆ ತಿಳಿಯಿತು. ಪ್ಯಾಡು ಕೂತ ಕೂಡಲೇ ಒಂದೊಂದನ್ನು ಬಿಸಿಲಿಗೆ ಒಯ್ದೆವು. ಈ ಸಲ ಮೂರು ಬಿಸಿಲು, ಒಂದು ಗಳಿಗೆ ಕಡಿಮೆ ಇಲ್ಲದೆ. ಕೊನೆಯ ಪ್ಯಾಡು ಕೂತದ್ದೂ ಹನ್ನೊಂದನೇ ನಂಬರಿಗೆ, ಕೊನೆಯ ಬಿಸಿಲು ಕಂಡದ್ದೂ ಅದೇ. ನಿಡೋಣಿಗೆ ಹೊರಡುವ ಹಿಂದಿನ ಮಧ್ಯಾಹ್ನ ಅದಕ್ಕೆ ಎರಡನೆಯ ಬಿಸಿಲಷ್ಟೇ ಆಗಿತ್ತು.

"ಇದು ಇನ್ನೂ ಪಾಸ್ ಆಗಿಲ್ರಿ," ಎಂದೆ.

"ಹಂಗಾದ್ರ ಮೂರs ತಗೊಂಡು ಹೋಗೋಣ," ಎಂದರು ಮಾಸ್ತರು. ಹನ್ನೊಂದನೆಯದನ್ನು ಊದುವ ಯುವಕ ಮುಖ ಸಣ್ಣದು ಮಾಡಿಕೊಂಡು ತಾಳ ಹಿಡಿದ. ಬಾದಾಮಿ ಎಣ್ಣೆ ನಾಲ್ಕು ನಾಲ್ಕು ಹನಿ, ಎಲ್ಲ ಮುಗಿದ ಮೇಲೆ.

ನಿಡೋಣಿಯ ಮದುವೆಯ ದಿನ ಸುಡುವ ಬಿಸಿಲು. ಬಬಲೇಶ್ವರದ ಸುದ್ದಿ ಮೊದಲೇ ಮುಟ್ಟಿತ್ತು. ಕಟ್ಟೆಯ ಮೇಲಿದ್ದವರು, "ಕಿರಚೂದು ಯಾವಾಗ ಸುರು ಆಕ್ಕೈತ್ರೋ?" ಎಂದು ಕಾಯುತ್ತಿದ್ದರು. ಮೊದಲ ಹಾಡು. ಎರಡು. ಮೂರು. ನನ್ನ ಬೆರಳುಗಳು ಅಂಗಿಯ ಅಂಚಿನ ಮೇಲೆ ತಾವೇ ಚಾವಿ ಒತ್ತುತ್ತಿದ್ದವು. ನಾಲ್ಕನೆಯ ಹಾಡಿಗೆ ಮಾಸ್ತರು ಕಣ್ಣು ಮುಚ್ಚಿದರು. ಏಳನೇ ನಂಬರು ಕೆಳಗಿನಿಂದ ಎದ್ದು, ಆ ಜಿಗಿತ ಜಿಗಿದು, ಮೇಲೆ ಹೋಗಿ ನಿಂತಿತು. ಅಲ್ಲೇ ನಿಂತಿತು. ಕಟ್ಟೆಯ ಮೇಲಿನ ಮಾತು ನಿಂತುಹೋಯಿತು. ಎರಡು ತಾಸು ಬಿಸಿಲಲ್ಲಿ ನಡೆದರು. ಒಂದು ಚಾವಿ ಅಂಟಲಿಲ್ಲ, ಒಂದು ಸ್ವರ ಸೋರಲಿಲ್ಲ. ಕಟ್ಟೆಯ ಮೇಲಿದ್ದವರೇ ಇಳಿದುಬಂದು ಇನ್ನೊಂದು ಹಾಡು ಕೇಳಿದರು. ನಾನು ಯಾರದೋ ಭುಜ ಹಿಡಿದು ಕುಣಿಯುತ್ತಿದ್ದೆ.

ಊಟದ ನಂತರ ನೆರಳಲ್ಲಿ ಪೆಟ್ಟಿಗೆಗೆ ಕ್ಲಾರಿಯೋನೆಟ್ ಇಡುವಾಗ ನನ್ನ ಹಳೆಯ ಚೀಟಿ ಕಂಡಿತು. ನಾಚಿಕೆಯಾಯಿತು.

"ಕಾಕಾ, ಇದನ್ನ ಹರದು ಹೊಸಾ ಚೀಟಿ ಬರದು ಕೊಡ್ತೀನ್ರಿ."

"ಬ್ಯಾಡ ತಮ್ಮಾ. ನಾವೇನು ಚೀಟಿ ಓದಿ ಊದ್ತೀವೇನು?" ಎಂದು ಮೌತ್‌ಪೀಸ್ ಒರೆಸಿದರು. "ಚಿಮಣಿ ಎಣ್ಣಿ ನಾತ ಹೋತಲ್ಲ, ಸಾಕು. ಅಂಗಡ್ಯಾಗ ಮೊದಲ ಸಲ ತುಟಿಗೆ ಇಟ್ಟಾಗ ಹೊಡದಿತ್ತು ನೋಡು, ಇನ್ನಾ ನೆನಪೈತಿ."

ಅಂದರೆ ಶನಿವಾರವೇ ಆ ವಾಸನೆ ಅವರ ಮೂಗಿಗೆ ಬಡಿದಿತ್ತು. ಯಾರೋ ಏನೋ ಒರೆಸಿ ಮುಚ್ಚಿದ್ದಾರೆ ಎಂದು ಗೊತ್ತಿದ್ದೂ, ಸಹಿ ನಂಬಿ ಒಯ್ದಿದ್ದರು. ಬೇವಿನ ಕೆಳಗೆ 'ಗೊತ್ತಿತ್ತೇನು' ಎಂದು ಕೇಳಿ ನನಗೊಂದು ಅವಕಾಶ ಕೊಟ್ಟಿದ್ದರು. ಈಗ ಇನ್ನೊಂದು ಕೊಡುತ್ತಿದ್ದರು. ಪೆಟ್ಟಿಗೆಯ ಮುಚ್ಚಳ ತೆರೆದೇ ಇಟ್ಟು ನನ್ನ ಕಡೆ ನೋಡಿದರು.

"ಹೌದ್ರಿ," ಎಂದೆ. "ಈಗ ಹೋತು."

ಅವರು ಮುಚ್ಚಳ ಹಾಕಿದರು. ಆಮೇಲೆ ಹದಿನೆಂಟು ವರ್ಷ ಅವರ ಬ್ಯಾಂಡು ಆ ಸೀಮೆಯಲ್ಲಿ ಓಡಾಡಿತು. ಅವರ ಪ್ಯಾಡು ಬದಲಿಸಲು ಪ್ರತಿ ವರ್ಷ ಹೋಗುತ್ತಿದ್ದೆ, ರೊಟ್ಟಿ ಉಣ್ಣುತ್ತಿದ್ದೆ. ಅವರು ಮತ್ತೆ ಕೇಳಲಿಲ್ಲ. ನಾನು ಹೇಳಲಿಲ್ಲ. ಈಗ ಅವರಿಲ್ಲ. ಬಬಲೇಶ್ವರದ ಆ ಮಾಳಿಗೆಯ ಮೇಲೆ ನಕ್ಕವರ ಮಕ್ಕಳು, ಮೊಮ್ಮಕ್ಕಳು ಇದ್ದಾರು. ಬೇಡ ಎಂದಿದ್ದರೂ ಆ ಹೊಸ ಚೀಟಿಯನ್ನು ಇವತ್ತು ಬರೆಯುತ್ತಿದ್ದೇನೆ.

'ನಂಬರ್ ಏಳು. ಮರ ಚೊಲೋ, ನಾದ ಚೊಲೋ. ಎಣ್ಣೆ ಹಾಕಿದ ಮೇಲೆ ಪರೀಕ್ಷಿಸಲಾಗಿದೆ, ಆದ್ದರಿಂದ ಪರೀಕ್ಷೆ ಲೆಕ್ಕಕ್ಕಿಲ್ಲ. ಎರಡನೇ ಬಿಸಿಲಿಗೆ ಕೆಳಗಿನ ಚಾವಿ ಅಂಟಿತ್ತು. ಚಿಮಣಿ ಎಣ್ಣೆಯಿಂದ ಒರೆಸಿ, ಗೊತ್ತಿದ್ದೂ ಪಾಸು ಮಾಡಿದ್ದೇನೆ. ಬಬಲೇಶ್ವರದಲ್ಲಿ ಕೆಟ್ಟದ್ದು ಬಾಜಾ. ಊದಿದವರ ಕೈಯಲ್ಲಿ, ದಮ್ಮಿನಲ್ಲಿ ಯಾವ ದೋಷವೂ ಇರಲಿಲ್ಲ.'

ಸಹಿಗೆ ಈ ಸಲ ಬಾಲ ಎಳೆದಿಲ್ಲ.